ಬಾವಿಯ ಸುತ್ತು ಬಿಡಿಸಿದ್ದು

ನನ್ನ ಸೊಸೆ ಪವಾಡ ಏನೂ ಮಾಡಲಿಲ್ಲ. ನೇರಕ್ಕೆ ಈಜುವುದನ್ನು ಕಲಿತಳು. ನಡೆದದ್ದು ಅಷ್ಟೇ. ಜನ ಛಲ ಅಂದರು, ದೇವರ ದಯೆ ಅಂದರು, ಅತ್ತೆಯ ಆಶೀರ್ವಾದ ಅಂತಲೂ ಯಾರೋ ಮೈಕಿನಲ್ಲಿ ಹೇಳಿದರು. ಛಲ ಹೋದ ವರ್ಷವೂ ಇತ್ತು. ದೇವರು ಹೋದ ವರ್ಷವೂ ಇದ್ದ. ಆದರೂ ಹೋದ ವರ್ಷ ಅವಳನ್ನು ನೀರಿಂದ ಎತ್ತಿ ದೋಣಿಗೆ ಹಾಕಿಕೊಂಡು ಬಂದರು.

ಸೊಸೆ ದೊಡ್ಡೇರಿ ಕಡೆಯ ನಮ್ಮ ಹಳ್ಳಿಗಳಿಗೆ ಸೈಕಲ್ ಮೇಲೆ ಟಪಾಲು ಹಂಚುತ್ತಾಳೆ. ಎರಡು ಮಕ್ಕಳ ತಾಯಿ, ನಲವತ್ತರ ಹತ್ತಿರ ವಯಸ್ಸು. ತುಳಿದು ತುಳಿದು ಅದರ ರುಚಿ ಹತ್ತಿತು. ಒಂದು ದಿನ ಮೊಬೈಲಿನಲ್ಲಿ ಯಾವುದೋ ಸ್ಪರ್ಧೆ ನೋಡಿದಳು. ಮೊದಲು ನಾಲ್ಕು ಕಿಲೋಮೀಟರಿಗೆ ಒಂಚೂರು ಕಡಿಮೆ ಈಜಬೇಕು. ನೀರಿಂದ ಎದ್ದು ಒದ್ದೆ ಮೈಯಲ್ಲೇ ನೂರೆಂಬತ್ತು ಕಿಲೋಮೀಟರು ಸೈಕಲ್ ತುಳಿಯಬೇಕು. ಇಳಿದು ನಲವತ್ತೆರಡು ಕಿಲೋಮೀಟರು ಓಡಬೇಕು. ಎಲ್ಲಾ ಒಂದೇ ದಿನ. ಟ್ರಯಥ್ಲಾನ್ ಅಂತ ಹೆಸರು. ನನ್ನ ನಾಲಿಗೆ ಅದಕ್ಕೆ ಹೊರಳುವುದಿಲ್ಲ, ನಾನು ಮೂರಾಟ ಅನ್ನುತ್ತೇನೆ. ಒಂದೊಂದು ಆಟಕ್ಕೂ ಗಡುವು ಇದೆ. ಈಜಿನ ಗಡುವು ಮೀರಿದರೆ ಸೈಕಲ್ ಮುಟ್ಟಲೂ ಬಿಡುವುದಿಲ್ಲ.

ಹೋದ ವರ್ಷ ಅದೇ ಆಯಿತು. ದಡಕ್ಕೆ ಇನ್ನೂ ಬಹಳ ದೂರ ಇರುವಾಗಲೇ ಗಡುವು ಮುಗಿಯಿತು. ಸೈಕಲ್ಲು ಸ್ಟ್ಯಾಂಡಿನಲ್ಲಿ ಒಣಗಿಕೊಂಡೇ ನಿಂತಿತ್ತು. ಊರಿಗೆ ಬಂದ ಮೇಲೆ ಟಪಾಲು ಕೊಡಲು ಹೋದಲ್ಲೆಲ್ಲ ಜನ ಬಾಯಿ ಬಿಟ್ಟರು. ಅಂಚೆಯಮ್ಮನ್ನೇ ದೋಣೀಲಿ ಹಾಕಿ ಡೆಲಿವರಿ ಮಾಡಿದ್ರಂತೆ ಅಂತ ಒಬ್ಬ ನಕ್ಕನಂತೆ. ಅವತ್ತು ಅವಳು ಊಟ ಬಿಡಲಿಲ್ಲ, ಅಳಲೂ ಇಲ್ಲ. ಮುದ್ದೆ ಮುರಿಯುತ್ತಾ ಮೆತ್ತಗೆ ಹೇಳಿದಳು.

"ಅತ್ತೆ, ಇನ್ನೊಂದೇ ಸಲ. ಈ ಸಲವೂ ನೀರಿಂದ ಎತ್ತಿದ್ರೆ ಇನ್ನು ನೀರಿಗೆ ಇಳಿಯಲ್ಲ. ಆ ರೇಸ್ ಸೈಕಲ್ಲನ್ನೂ ಕೊಟ್ಬುಡ್ತೀನಿ."

ಹೇಳಿದ್ದನ್ನು ಮಾಡುವ ಹೆಣ್ಣು ಅದು. ಆದ್ದರಿಂದ ಆಗಬೇಕಿದ್ದ ಕೆಲಸ ಒಂದೇ. ಗಡುವಿನ ಒಳಗೆ ಅವಳು ತನ್ನ ಕಾಲಿನ ಮೇಲೆ ನೀರಿಂದ ಎದ್ದು ಬರಬೇಕು. ಮಿಕ್ಕಿದ್ದನ್ನು ಅವಳ ಕಾಲು ನೋಡಿಕೊಳ್ಳುತ್ತಿತ್ತು, ಅದರ ಬಗ್ಗೆ ನನಗೆ ಅನುಮಾನ ಇರಲಿಲ್ಲ.

ಯಾವ ಸ್ಪರ್ಧೆಗೆ ಹೋಗುವುದು ಅನ್ನುವುದೇ ಮೊದಲ ಜಗಳ. ನನ್ನ ಮಗ ಇದೆಲ್ಲದರ ಅರ್ಧದಷ್ಟಿರುವ ಸಣ್ಣದೊಂದು ಸಾಕು ಅಂದ. ಅವಳಿಗೆ ಈಜು ಹೇಳಿಕೊಡುವ ತುಮಕೂರಿನ ಹುಡುಗಿ, ಕೋಚು, ಕಡಲ ತೀರದ್ದೊಂದನ್ನು ಹೇಳಿದಳು. ಉಪ್ಪುನೀರು ಮೈಯನ್ನು ತೇಲಿಸುತ್ತದಂತೆ. ನಾನು ಅಲೆಯ ಬಗ್ಗೆ ಕೇಳಿದೆ. ಅಲೆ ಇರುತ್ತದೆ ಅಂದಳು. ಹಾಗಾದರೆ ಬೇಡ ಅಂದೆ, ಅಲೆ ನೋಡದವಳನ್ನು ಅಲೆಗೆ ಎಸೆದು ನೋಡುವ ಕಾಲ ಇದಲ್ಲ. ಸೊಸೆ, ಹೋದ ವರ್ಷ ಎಲ್ಲಿ ಎತ್ತಿದರೋ ಅಲ್ಲಿಗೇ ಹೋಗುತ್ತೇನೆ ಅಂದಳು. ಬಡಗಣ ಸೀಮೆಯ ಒಂದು ಜಲಾಶಯ ಅದು. ರಸ್ತೆ ಮಟ್ಟ, ಬಿಸಿಲು ಜಾಸ್ತಿ, ಗಾಳಿ ಎದುರಿಗೆ. ಬಿಸಿಲಿಗೂ ಗಾಳಿಗೂ ನಾವು ಹೊಸಬರಲ್ಲ. ನಾನು ಹೂಂ ಅಂದೆ. ಮಗ ಎದ್ದು ಹಸು ಕಟ್ಟಲು ಹೋದ.

ಮುಂಗಾರು ಮುಗಿಯುವ ಹೊತ್ತಿಗೆ ಸೈಕಲ್ಲಿನ ಕೆಲಸ ಶುರುವಾಯಿತು. ವಾರದಲ್ಲಿ ಟಪಾಲಿನ ಸುತ್ತು ಇದ್ದೇ ಇತ್ತು. ಭಾನುವಾರ ದೊಡ್ಡ ಸುತ್ತು. ಹಿಂದೆ ಮಗನ ಟಿವಿಎಸ್ಸಿನಲ್ಲಿ ನಾನು, ತೊಡೆಯ ಮೇಲೆ ಊಟದ ಚೀಲ. ಮೊದಲು ಕೊರಟಗೆರೆಗೆ ಹೋಗಿ ಬರುವುದು. ಅದು ರೂಢಿಯಾದ ಮೇಲೆ ಶಿರಾ ದಾಟಿ ಹುಲಿಕುಂಟೆ ಕಡೆಗೆ. ಅಲ್ಲಿ ರಸ್ತೆ ಪಕ್ಕ ಜಾಲಿ. ಒಂದೇ ದಿನ ಮೂರು ಸಲ ಮುಳ್ಳು ಚುಚ್ಚಿತು. ಇವಳಿಗೆ ಟ್ಯೂಬು ಹಾಕಲು ಅವಸರ, ಹಾಕಿದ್ದು ಮಡಚಿಕೊಂಡು ಮತ್ತೆ ಠುಸ್. ಶಿರಾದ ಸೈಕಲ್ ಅಂಗಡಿಯ ಸಾಬರು ಚಕ್ರ ಬಿಚ್ಚಿ ಅವಳ ಕೈಗೇ ಕೊಟ್ಟು, ಹತ್ತು ಸಲ ಹಾಕಿಸಿ ಹತ್ತು ಸಲ ಬಿಚ್ಚಿಸಿದರು. ಜಲ್ದಿ ಮಾಡಿದ್ರೆ ತಡ ಆಗ್ತದೆ, ಸಬೂರಿಂದ ಮಾಡಮ್ಮ ಅನ್ನುತ್ತಿದ್ದರು. ಕೊನೆಗೆ ಅವರು ಒಂದು ಚಹಾ ಕುಡಿದು ಮುಗಿಸುವುದರೊಳಗೆ ಟ್ಯೂಬು ಕೂತು ಗಾಳಿ ತುಂಬಿತ್ತು.

ಊಟದಲ್ಲಿ ನಾನೇ ಒಂದು ಸಲ ಎಡವಿದೆ. ಮುದ್ದೆ ಗಟ್ಟಿ, ಹುರುಳಿ ಗಟ್ಟಿ ಅಂತ ಬೆಳಗಿನ ಜಾವವೇ ಎರಡು ಮುದ್ದೆ, ಹುರುಳಿಕಾಳು ಸಾರು ಇಕ್ಕಿ ಕಳಿಸಿದೆ. ಹೊಲಕ್ಕೆ ಹೋಗುವವರಿಗೆ ಅದು ಸರಿ. ಸೈಕಲ್ ಮೇಲೆ ಬಗ್ಗಿ ಕೂತವಳಿಗೆ ಹೊಟ್ಟೆಯೊಳಗೆ ಗುಂಡುಕಲ್ಲು ಇಟ್ಟ ಹಾಗೆ. ಮಧುಗಿರಿ ದಾಟುವುದರೊಳಗೆ ಬೇಲಿ ಹುಡುಕಿದಳು. ಆಮೇಲೆ ಬೆಳಿಗ್ಗೆ ತೆಳ್ಳಗಿನ ಅಂಬಲಿ, ದಾರಿಯಲ್ಲಿ ಬೆಲ್ಲ, ಕಡಲೆಬೀಜದ ಉಂಡೆ, ಉಪ್ಪು ಹಾಕಿದ ಹುಣಸೆ ನೀರು ಅಂತ ಗೊತ್ತುಮಾಡಿದೆವು. ಕೋಚು ಹೇಳಿದ, ಜೆಲ್ ಅನ್ನುವ ಪೊಟ್ಟಣದ ಸಿಹಿ ಅಂಟನ್ನೂ ತಂದಿದ್ದೆವು. ನಾನೂ ಒಂದು ಚೀಪಿ ನೋಡಿದೆ. ಕೆಟ್ಟದ್ದೇನಲ್ಲ. ಓಡುವಾಗ ಅಗಿಯಲು ಆಗುವುದಿಲ್ಲವಲ್ಲ, ಅದಕ್ಕೆ ಅದು ಇರಲಿ ಅಂದೆ.

ಕೊನೆಕೊನೆಗೆ ಒಂದೇ ದಿನದಲ್ಲಿ ಕೊರಟಗೆರೆಗೆ ಹೋಗಿ ಬಂದು, ಆಮೇಲೆ ಮಿಡಿಗೇಶಿ, ಪಾವಗಡ ದಾಟಿ ತಿರುಮಣಿವರೆಗೆ ಹೋಗಿ ವಾಪಸ್ಸು ಬರುತ್ತಿದ್ದಳು. ಹೆಚ್ಚುಕಡಿಮೆ ನೂರೆಂಬತ್ತು ಅದೇ. ತಿರುಮಣಿ ಹತ್ತಿರ ಸೋಲಾರಿನ ಗಾಜುಗಳು ನೀರು ತುಂಬಿದ ಕೆರೆಯ ಹಾಗೆ ಹೊಳೆಯುತ್ತವೆ, ಹತ್ತಿರ ಹೋದರೆ ಬರೀ ಕಾವು. ಗಾಳಿ ಎದೆಗೆ ಕೈ ಇಟ್ಟು ತಳ್ಳುತ್ತದೆ. ಅಲ್ಲಿಯ ಟೀ ಅಂಗಡಿಯವಳಿಗೆ ನನ್ನ ಮಗ, ಇವಳು ಟಪಾಲಿನವಳು ಅಂತ ಹೇಳಿಬಿಟ್ಟಿದ್ದ. ಅವಳು ಸೊಸೆಯನ್ನು ಕಂಡಾಗಲೆಲ್ಲ, "ಏಮಮ್ಮಾ, ಮಾಕೇಮನ್ನಾ ಟಪಾಲು ತೆಚ್ಚಾವಾ?" ಅನ್ನುವಳು. ನಮಗೇನಾದರೂ ಕಾಗದ ತಂದೆಯಾ ಅಂತ. ಆ ಒಂದು ಮಾತಿಗೆ ಇವಳು ನಕ್ಕು, ಚೊಂಬು ನೀರು ಕುಡಿದು, ಮತ್ತೆ ಹತ್ತುತ್ತಿದ್ದಳು.

ಸೈಕಲ್ಲು ಸರಿ ಹೋಯಿತು. ಈಜು ಸರಿ ಹೋಗಲಿಲ್ಲ.

ಇಲ್ಲಿ ನನ್ನ ವಿಷಯ ಹೇಳಬೇಕು. ನಮ್ಮೂರಲ್ಲಿ ಈಜು ಬರುವವರೆಲ್ಲ ನನ್ನ ಹಗ್ಗದ ತುದಿಯಲ್ಲಿ ಕಲಿತವರು. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟುತ್ತೇನೆ, ಎದೆಗೆ ಹಗ್ಗ ಬಿಗಿಯುತ್ತೇನೆ, ಬಾವಿಗೆ ಇಳಿಸುತ್ತೇನೆ. ನಾನು ಕಟ್ಟೆಯ ಮೇಲೆ ಹಗ್ಗ ಹಿಡಿದು ಸುತ್ತುತ್ತೇನೆ, ಅವರು ಕೆಳಗೆ ನೀರಿನಲ್ಲಿ ನನ್ನ ಮುಖ ನೋಡಿಕೊಂಡು ಸುತ್ತುತ್ತಾರೆ. ಸೊಸೆ ಮದುವೆಯಾಗಿ ಬಂದ ವರ್ಷ ಅವಳಿಗೂ ಹಾಗೇ ಕಲಿಸಿದ್ದು. ತುಮಕೂರಿನ ಈಜುಕೊಳದಲ್ಲಿ ಅವಳು ಚೆನ್ನಾಗಿಯೇ ಈಜುತ್ತಿದ್ದಳು, ಗಡುವಿಗೆ ಮುಂಚೆಯೇ ಮುಗಿಸುತ್ತಿದ್ದಳು. ಅದಕ್ಕೇ ಯಾರಿಗೂ ರೋಗ ಗೊತ್ತಾಗಲಿಲ್ಲ. ಕೊಳದ ತಳದಲ್ಲಿ ಕಪ್ಪು ಪಟ್ಟಿ ಎಳೆದಿರುತ್ತಾರೆ, ಅಕ್ಕಪಕ್ಕ ಹಗ್ಗ ಕಟ್ಟಿರುತ್ತಾರೆ. ಎತ್ತಿಗೆ ಗಾಡಿ ಜಾಡು ಇದ್ದ ಹಾಗೆ. ಹೋದ ವರ್ಷ ಸೋತದ್ದಕ್ಕೆ ತೋಳಿನಲ್ಲಿ ಶಕ್ತಿ ಸಾಲದು ಅಂದುಕೊಂಡು ಇವಳು ತಿಂಗಳುಗಟ್ಟಲೆ ಮರಳಿನ ಚೀಲ ಎತ್ತಿ ಇಳಿಸಿದಳು.

ನಮ್ಮೂರ ಕೆರೆ ತುಂಬಿತ್ತು. ಕೋಚು ಫೋನಿನಲ್ಲಿ ಹೇಳಿದ ಪ್ರಕಾರ ಮಗ ಬಿಳೀ ಕ್ಯಾನುಗಳಿಗೆ ಕಲ್ಲು ಕಟ್ಟಿ ಒಂದೇ ಸಾಲಿಗೆ ನೀರಿನಲ್ಲಿ ಬಿಟ್ಟ. ನಾನು ಏರಿಯ ಮೇಲೆ ನಿಂತೆ. ಸೊಸೆ ಇಳಿದಳು. ಸ್ವಲ್ಪ ದೂರ ಸರಿಯಾಗಿ ಹೋದಳು, ಆಮೇಲೆ ಮೆಲ್ಲಗೆ ಬಲಕ್ಕೆ ವಾಲಿದಳು. ತಲೆ ಎತ್ತಿ ನೋಡಿ ಸರಿ ಮಾಡಿಕೊಂಡಳು, ಮತ್ತೆ ಬಲಕ್ಕೆ. ಮೇಲಿಂದ ನೋಡಿದರೆ ಕುಡುಗೋಲು ಎಳೆದ ಹಾಗೆ. ಕೊನೆಯ ಕ್ಯಾನು ಮುಟ್ಟುವ ಹೊತ್ತಿಗೆ ಎರಡರಷ್ಟು ದೂರ ಈಜಿದ್ದಳು.

ನಮ್ಮ ಮಾವನ ಕಾಲದಲ್ಲಿ ಮನೆಯಲ್ಲಿ ಎಣ್ಣೆ ಗಾಣ ಇತ್ತು. ಗಾಣದೆತ್ತನ್ನು ಬಯಲಿಗೆ ಬಿಟ್ಟರೆ ಅದು ಬಯಲಲ್ಲೂ ಸುತ್ತೇ ಹೊಡೆಯುತ್ತಿತ್ತು. ನನಗೆ ಆ ಎತ್ತು ನೆನಪಾಯಿತು. ಮನೆಗೆ ಹೋಗಲಿಲ್ಲ, ಸೀದಾ ಬಾವಿಗೆ ಹೋದೆ. ಹಗ್ಗ ಹಿಡಿದ ಹಾಗೆ ಕೈ ಮಾಡಿಕೊಂಡು ಕಟ್ಟೆಯ ಮೇಲೆ ಒಂದು ಸುತ್ತು ನಡೆದೆ. ನಾನು ಬಾವಿಯನ್ನು ಸುತ್ತುವುದು ಪ್ರದಕ್ಷಿಣೆ, ಗುಡಿ ಸುತ್ತಿದ ಹಾಗೆ, ಬಾವಿ ಬಲಗೈಗೆ. ನಮ್ಮತ್ತೆ ಹಾಗೆ ಸುತ್ತುತ್ತಿದ್ದರು, ಅವರತ್ತೆಯೂ ಹಾಗೇ. ಗಂಗಮ್ಮನನ್ನು ಇನ್ನೊಂದು ಕಡೆಯಿಂದ ಯಾರೂ ಸುತ್ತುವುದಿಲ್ಲ. ನಾನು ಬಲಕ್ಕೆ ತಿರುಗಿದರೆ ನೀರಿನಲ್ಲಿರುವವಳೂ ಬಲಕ್ಕೆ ತಿರುಗಬೇಕು. ನಮ್ಮೂರಿನವರೆಲ್ಲ ಬಲಕ್ಕೆ ತಿರುಗುವ ಈಜುಗಾರರು. ಬಾವಿಯಲ್ಲಿ ಅದು ತಪ್ಪೇ ಅಲ್ಲ, ನೇರಕ್ಕೆ ಹೋದರೆ ತಲೆ ಗೋಡೆಗೆ ಬಡಿಯುತ್ತದೆ.

ಕೋಚನ್ನು ಕರೆಸಿದೆವು. ಬಸ್ಸಿಳಿದು ಬಂದವಳು ಬಾವಿಯನ್ನೂ ಕೆರೆಯನ್ನೂ ನೋಡಿದಳು. ಸೊಸೆ ಉಸಿರಿಗೆ ಎಡಕ್ಕೇ ಮುಖ ತಿರುಗಿಸುತ್ತಾಳೆ ಅಂದಳು, ಕಟ್ಟೆಯ ಮೇಲೆ ನಾನು ಕಾಣುತ್ತಿದ್ದದ್ದು ಆ ಕಡೆಯೇ ತಾನೆ. ಎಡಗೈ ಉದ್ದಕ್ಕೆ ಎಳೆಯುತ್ತದೆ, ಬಲಗೈ ಮೊಟಕು. ಕೊಳದಲ್ಲಿ ಪಟ್ಟಿ ನೋಡಿಕೊಂಡು ಅದನ್ನು ಮುಚ್ಚಿಕೊಳ್ಳುತ್ತಿದ್ದಾಳೆ. ಎರಡೂ ಕಡೆ ಉಸಿರು ತೆಗೆಯಬೇಕು, ಹತ್ತಾರು ಕೈ ಹೊಡೆತಕ್ಕೊಮ್ಮೆ ಮೊಸಳೆ ಹಾಗೆ ಕಣ್ಣು ಮಾತ್ರ ಮೇಲೆತ್ತಿ ಎದುರಿಗೆ ಗುರುತು ನೋಡಬೇಕು ಅಂದಳು. ಆದರೆ ಹದಿನೈದು ವರ್ಷದ ಅಭ್ಯಾಸ ಬರೀ ಹೇಳಿದರೆ ಬಿಡುವುದಿಲ್ಲ ಅಂತಲೂ ಅವಳೇ ಹೇಳಿದಳು.

ಗಾಣದೆತ್ತಿಗೆ ನಮ್ಮ ಮಾವ ಏನು ಮಾಡುತ್ತಿದ್ದರು ಅಂತ ನಾನು ಹೇಳಿದೆ. ಉಳುಮೆಗೆ ಹೂಡುವ ಮುಂಚೆ ಕೆಲವು ದಿನ ಅದನ್ನು ಗೂಟಕ್ಕೆ ಕಟ್ಟಿ ತಿರುವು ಮುರುವು ಸುತ್ತಿಸುತ್ತಿದ್ದರು. ಕೋಚು ಬೆರಳಿಂದ ಗಾಳಿಯಲ್ಲಿ ಎಡಕ್ಕೊಂದು ಸುತ್ತು ಬರೆದಳು. ಮಾಡಿ ನೋಡೋಣ ಅಜ್ಜಿ, ಅಂದಳು.

ಮಾಡಿ ನೋಡುವುದು ಅಷ್ಟು ಸಲೀಸಲ್ಲ. ಎಡಕ್ಕೆ ಸುತ್ತುವುದು ಸುಡುಗಾಡಿನಲ್ಲಿ, ಮಡಕೆ ಹೊತ್ತು. ನನ್ನ ಓರಗಿತ್ತಿ ಸುದ್ದಿ ಕೇಳಿ ಬಾವಿ ಹತ್ತಿರಕ್ಕೇ ಬಂದಳು.

"ಅಕ್ಕಾ, ಅದು ಹೆಣದ ಸುತ್ತು ಕಣಕ್ಕ. ಮಕ್ಕಳೊಂದಿಗಳನ್ನ ಒಳಗೆ ಬುಟ್ಟು ಅಂಗೆ ಸುತ್ತುತಾರಾ?"

ಸೊಸೆ ಆಗಲೇ ಮೆಟ್ಟಿಲು ಇಳಿಯುತ್ತಿದ್ದವಳು ನಿಂತಳು. ನನ್ನ ಮುಖ ನೋಡಿದಳು.

"ಸುತ್ತೋಳು ನಾನು, ನೀನಲ್ಲ" ಅಂದೆ. "ಕೆಟ್ಟದ್ದು ಬರೋದಾದ್ರೆ ನನ್ನ ಕಾಲಿಗೆ ಬರ್ಲಿ. ನಂದು ಮುಗಿಯೋ ಕಾಲ. ಇಳಿ."

ಇಳಿದಳು. ಬಾವಿಯನ್ನು ಎಡಗೈಗೆ ಇಟ್ಟುಕೊಂಡು ನಾನು ಮೊದಲ ಹೆಜ್ಜೆ ಇಟ್ಟೆ. ಸುಳ್ಳು ಯಾಕೆ, ನನಗೂ ಹೆದರಿಕೆ ಇತ್ತು. ಕಲ್ಲಿನ ಕಟ್ಟೆಯೇ ಬೇರೆ ಯಾರದೋ ಅನ್ನಿಸಿತು. ಕೆಳಗೆ ಸೊಸೆಯ ಪಾಡು ಇನ್ನೂ ಕಷ್ಟ. ಬಲಕ್ಕೆ ಮುಖ ತಿರುಗಿಸಿದರೆ ಉಸಿರಿನ ಬದಲು ನೀರು ಬರುತ್ತಿತ್ತು. ಹೊಸದಾಗಿ ಕಲಿಯುವವಳ ಹಾಗೆ ಕೆಮ್ಮಿದಳು, ಗೋಡೆ ಹಿಡಿದಳು. ಹದಿನೈದು ವರ್ಷದ ಕೆಳಗೆ ಬಿಚ್ಚಿದ ಸೋರೆ ಬುರುಡೆಯನ್ನು ಮತ್ತೆ ಕಟ್ಟಿದೆ.

ಆ ವಾರವೇ ಅವಳು ಪಾಚಿಯ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಉಳುಕಿಸಿಕೊಂಡಳು. ಹೆಣದ ಸುತ್ತಿನ ಫಲ ಅಂದರು. ಊರೆಲ್ಲ ಅದೇ ಮಾತು. ಮಗನೂ ಕೂತು ಹೇಳಿದ, "ಅವ್ವಾ, ಬ್ಯಾಡ ಬುಡು. ಮಳೇಲಿ ಆ ಮೆಟ್ಲು ಯಾವಾಗ್ಲೂ ಜಾರ್ತದೆ, ನನಗೂ ಗೊತ್ತು. ಆದ್ರೂ ಬ್ಯಾಡ."

"ಗೊತ್ತಿದ್ರೆ ಹೋಗಿ ಪಾಚಿ ಕೆರಿ ಹೋಗ್ಲಾ" ಅಂದೆ.

ರಾತ್ರಿಯೆಲ್ಲ ಯೋಚಿಸಿದೆ ಅಂತೇನೂ ಬರೆಯುವುದಿಲ್ಲ, ಚೆನ್ನಾಗಿ ನಿದ್ದೆ ಮಾಡಿದೆ. ಮೆಟ್ಟಿಲು ಜಾರಿದ್ದು ಪಾಚಿಗೆ. ಅವಳನ್ನು ದೋಣಿಗೆ ಎತ್ತಿಸಿದ್ದು ಬಲಸುತ್ತು. ಎರಡೂ ನನ್ನ ಕಣ್ಣಿಗೆ ಕಂಡಿದ್ದವು, ಅಪಶಕುನ ಕಂಡಿರಲಿಲ್ಲ. ಮಗ ಮೆಟ್ಟಿಲು ಕೆರೆದು ಸುಣ್ಣ ಉಜ್ಜಿದ. ಸೊಸೆ ಕೈಗೆ ಬಟ್ಟೆ ಸುತ್ತಿಕೊಂಡು ಕಾಲು ಬಡಿಯುವುದನ್ನಷ್ಟೇ ಮಾಡಿದಳು, ಮುಖ ಬಲಕ್ಕೆ. ಕೈ ಸರಿಹೋದ ಮೇಲೆ ಬುರುಡೆ ಬಿಚ್ಚಿದೆ. ಆಮೇಲೆ ಹಗ್ಗವನ್ನೂ ಬಿಚ್ಚಿದೆ. ನಾನು ಮೇಲೆ ಸುತ್ತುವುದು, ಅವಳು ಕೆಳಗೆ ಸುತ್ತುವುದು, ಎಡಕ್ಕೇ. ಅದು ರೂಢಿಯಾಗುತ್ತಿದ್ದ ಹಾಗೆ ಬಾವಿ ಬಿಟ್ಟು ಕೆರೆಗೆ ಇಳಿಸಿದೆ.

ಕೆರೆಯಲ್ಲಿ ಗುರುತಿಗೆ ಮಧುಗಿರಿ ಬೆಟ್ಟ ಇತ್ತು. ಎಲ್ಲಿ ನಿಂತರೂ ಕಾಣುವ ಒಂದೇ ಬಂಡೆ. ಬೆಟ್ಟದ ನೆತ್ತಿ ನೋಡಿಕೊಂಡು ಈಜು ಅಂದೆ. ಮೊದಲು ಎಡಕ್ಕೆ ವಾಲಿದಳು, ಅತ್ತ ಹೆಚ್ಚಾಗಿ ಬಗ್ಗಿಸಿದ್ದೆವೋ ಏನೋ. ಮತ್ತೆ ಕೆಲವು ದಿನ ಎರಡು ಸುತ್ತು ಆ ಕಡೆ, ಎರಡು ಸುತ್ತು ಈ ಕಡೆ. ಒಂದು ಬೆಳಿಗ್ಗೆ ನಾನು ಏರಿಯ ಮೇಲೆ ನಿಂತಿದ್ದಾಗ ಅವಳ ಹಳದಿ ಟೋಪಿ ಕ್ಯಾನಿಂದ ಕ್ಯಾನಿಗೆ ಹೋಯಿತು, ನೂಲು ಹಿಡಿದ ಹಾಗೆ. ಕೊನೆಯ ಕ್ಯಾನು ಮುಟ್ಟಿ ಕೈ ಎತ್ತಿದಳು. ನಾನು ಮನೆಗೆ ಹೋಗಿ ಒಲೆ ಹಚ್ಚಿದೆ.

ಸ್ಪರ್ಧೆಗೆ ಎರಡು ದಿನ ಮುಂಚೆಯೇ ಹೋದೆವು. ಅಲ್ಲಿ ನಮ್ಮ ಬೆಟ್ಟ ಇಲ್ಲವಲ್ಲ. ದಡದಲ್ಲಿ ನಡೆದು ನಡೆದು ಗುರುತು ಹುಡುಕಿದೆವು. ಹೋಗುವಾಗ ಆಚೆ ದಡದ ಊರಿನ ಬಿಳೀ ನೀರಿನ ಟ್ಯಾಂಕು, ಬರುವಾಗ ಈಚೆ ದಡದ ಒಂಟಿ ಈಚಲು ಮರ. ಹೋಗಿ ಬರುವುದು ಎರಡು ಸಲ. ಸೊಸೆ ಎರಡನ್ನೂ ಕಣ್ಣಿಗೆ ತುಂಬಿಕೊಂಡಳು.

ಆ ದಿನ ಬೆಳಿಗ್ಗೆ ಎದ್ದರೆ ಮಂಜು. ಟ್ಯಾಂಕೂ ಇಲ್ಲ, ಈಚಲು ಮರವೂ ಇಲ್ಲ. ಮಂಜು ಸ್ವಲ್ಪ ತೆಳುವಾಗಿ ನೀರಿನ ಮೇಲೆ ದಾರಿ ಗುರುತಿನ ಮೊದಲ ತೇಲುಗುಂಡು ಕಂಡ ಕೂಡಲೇ ಎಲ್ಲರನ್ನೂ ನೀರಿಗೆ ಬಿಡಲು ಶುರುಮಾಡಿದರು. ಸೊಸೆ ಇಳಿಯುವ ಮುಂಚೆ ನನ್ನ ಹತ್ತಿರ ಬಂದಳು. ಹಲ್ಲು ಕಟಕಟ ಅನ್ನುತ್ತಿತ್ತು.

"ಅತ್ತೆ, ಟ್ಯಾಂಕು ಕಾಣ್ತಿಲ್ಲ."

"ಗುರುತು ಕಾಣೋವಾಗ ನೇರಕ್ಕೆ ಹೋಗಿದ್ದೀಯ. ಕಾಣ್ದೆ ಇದ್ರೂ ಕೈ ಅವೇ ಅಲ್ವಾ. ಹೋಗು."

ಬೇರೆ ಏನು ಹೇಳುವುದು. ಹೋದಳು. ನೂರಾರು ಟೋಪಿಗಳು ಮಂಜಿನೊಳಕ್ಕೆ ಹೋದವು, ಆಮೇಲೆ ನೀರು ಬಡಿಯುವ ಸದ್ದು ಮಾತ್ರ. ಮಗ ಗಡಿಯಾರ ನೋಡುತ್ತಿದ್ದ. ನಾನು ಗಡಿಯಾರ ನೋಡಲಿಲ್ಲ, ದೋಣಿಗಳ ಸದ್ದು ಕೇಳುತ್ತಿದ್ದೆ. ಹೋದ ವರ್ಷ ಒಬ್ಬ ದೋಣಿಯವನು ಬೆಳಗೆಲ್ಲ ಇವಳ ಹಿಂದೆಯೇ ಕೂಗುತ್ತಿದ್ದ, ಈ ಕಡೆ, ಈ ಕಡೆ ಅಂತ, ಅದು ಇವಳಿಗೇ ಅಂತ ಆಗ ನನಗೆ ಹೊಳೆದಿರಲಿಲ್ಲ. ಈ ಸಲ ಕೂಗು ಬೇರೆ ಕಡೆಯಿಂದ ಬರುತ್ತಿತ್ತು, ಬೇರೆ ಯಾರಿಗೋ. ಮೊದಲ ಸುತ್ತು ಮುಗಿಸಿ ತಿರುಗುವಾಗ ಅವಳ ಹಳದಿ ಟೋಪಿ ಮಂಜಿನಿಂದ ಈಚೆ ಬಂತು. ತೇಲುಗುಂಡಿನ ಪಕ್ಕಕ್ಕೇ, ಕೈ ಚಾಚಿದರೆ ಸಿಗುವ ಹಾಗೆ. ಮಗ ನನ್ನ ರಟ್ಟೆ ಹಿಡಿದ. ಬಿಡೋ ನೋಯ್ತದೆ ಅಂದೆ. ಬಿಡಲಿಲ್ಲ.

ಎರಡನೇ ಸುತ್ತಿಗೆ ಬಿಸಿಲು ಬಂದು ಮಂಜು ಹರಿಯಿತು. ಆಗ ನನಗೆ ಪೂರಾ ಕಂಡಿತು. ಅವಳು ಈಚಲು ಮರಕ್ಕೆ ಗುರಿ ಇಟ್ಟು ಬರುತ್ತಿದ್ದಳು, ಎಡಕ್ಕೊಂದು ಉಸಿರು, ಬಲಕ್ಕೊಂದು ಉಸಿರು, ನಡುವೆ ಮೊಸಳೆ ಕಣ್ಣು. ಗಡುವಿಗೆ ಇನ್ನೂ ಬೇಕಾದಷ್ಟು ಹೊತ್ತಿರುವಾಗ ಅವಳ ಕಾಲು ನೆಲಕ್ಕೆ ತಾಗಿತು. ಎದ್ದು ನಿಂತಳು. ಒಂದು ಸಲ ತಿರುಗಿ ನೀರನ್ನು ನೋಡಿದಳು, ಆಮೇಲೆ ಸೈಕಲ್ಲಿನ ಕಡೆಗೆ ಓಡಿದಳು. ನನ್ನನ್ನು ನೋಡಲಿಲ್ಲ. ನೋಡುತ್ತಾ ನಿಂತಿದ್ದರೆ ನಾನೇ ಬೈಯುತ್ತಿದ್ದೆ.

ದೋಣಿಯವನು ದಡಕ್ಕೆ ಬಂದು ನನ್ನನ್ನು ಗುರುತು ಹಿಡಿದ. "ಯವ್ವಾ, ಹೋದ ವರ್ಷ ನಿನ್ನ ಸೊಸೀನ ತಿರಿವಿ ತಿರಿವಿ ನನ್ನ ಕೈ ಸೋತಿದ್ದುವು. ಈ ವರ್ಷ ನನಗ ಕೆಲಸಾನ ಕೊಡ್ಲಿಲ್ಲ ನೋಡ" ಅಂದ. ಅವನಿಗೆ ಒಂದು ಕಡಲೆಬೀಜದ ಉಂಡೆ ಕೊಟ್ಟೆ.

ಮಿಕ್ಕಿದ್ದು ನಾನು ಎಣಿಸಿದ ಹಾಗೇ ಆಯಿತು. ಎದುರುಗಾಳಿ ಎದ್ದಾಗ ಬೇರೆಯವರು ಬೈದುಕೊಂಡು ನಿಂತರು, ಇವಳು ತಿರುಮಣಿ ದಾರಿಯಲ್ಲಿ ಹೋದ ಹಾಗೆ ತಲೆ ತಗ್ಗಿಸಿ ಹೋದಳು. ಒಂದು ಸಲ ಟ್ಯೂಬು ಹೋಯಿತು, ಸಾಬರು ಹೇಳಿದ ಹಾಗೆ ಸಬೂರಿಂದ ಹಾಕಿದಳು. ಓಟದ ಕೊನೆಯಲ್ಲಿ ಓಡಲಿಲ್ಲ, ನಡೆದಳು, ಮತ್ತೆ ಓಡಿದಳು. ಹೊತ್ತು ಮುಳುಗಿದ ಮೇಲೆ, ಗಡುವಿಗೆ ಮುಂಚೆ, ಗೆರೆ ದಾಟಿದಳು. ಕೊರಳಿಗೆ ಬಿಲ್ಲೆ ಹಾಕಿದರು. ಅದನ್ನು ತೆಗೆದು ನನ್ನ ಕೊರಳಿಗೆ ಹಾಕಲು ಬಂದಳು. ನಿಂದು ನೀನಿಟ್ಕೋ, ನನಗೆ ಕತ್ತು ನೋಯ್ತದೆ ಅಂದೆ. ಮಗ ಊರಿಗೆ ಫೋನು ಮಾಡಿದ. ಓರಗಿತ್ತಿಯೇ ಎತ್ತಿದಳಂತೆ. ಅಕ್ಕನಿಗೆ ಏನೂ ಆಗಲಿಲ್ಲ ತಾನೆ ಅಂತ ಮೊದಲು ಅದನ್ನೇ ಕೇಳಿದಳಂತೆ.

ಮಾರನೇ ಬೆಳಿಗ್ಗೆ ಅವರಿಬ್ಬರೂ ಮಲಗಿರುವಾಗಲೇ ಎದ್ದು ನಾನು ಜಲಾಶಯಕ್ಕೆ ಹೋದೆ. ತೇಲುಗುಂಡು ಎಲ್ಲ ತೆಗೆದಿದ್ದರು. ಮಂಜು ಇರಲಿಲ್ಲ, ಬಿಳೀ ಟ್ಯಾಂಕು ಚೆನ್ನಾಗಿ ಕಾಣುತ್ತಿತ್ತು. ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ ಇಳಿದೆ. ಹುಟ್ಟಿದಾಗಿನಿಂದ ಬಾವಿ ಬಿಟ್ಟು ಬೇರೆ ನೀರಿನಲ್ಲಿ ನಾನು ಈಜಿಲ್ಲ. ಒಳ್ಳೇ ರಭಸದಲ್ಲೇ ಹೊಡೆದೆ. ಸಾಕಷ್ಟು ಹೋದೆ ಅನ್ನಿಸಿ ತಲೆ ಎತ್ತಿದರೆ, ನಾನು ಚಪ್ಪಲಿ ಬಿಟ್ಟ ಕಲ್ಲೇ ಎದುರಿಗಿತ್ತು. ಕಲ್ಲಿನ ಮೇಲೆ ಸೊಸೆ ಕೂತಿದ್ದಳು, ಕಾಲು ಮಡಿಸಲು ಆಗದೆ ಚಾಚಿಕೊಂಡು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಬಲಕ್ಕೆ ತಿರುಗಿದ್ರಿ ಅತ್ತೆ."

"ಗೊತ್ತಾಯ್ತು. ಎದ್ದೇಳು ಮೇಲೆ" ಅಂದೆ.

ಎದ್ದಳು. ನನಗೆ ಬಲಗಡೆಗೆ ದಡ ಬರುವ ಹಾಗೆ ಕುಂಟುತ್ತಾ ಮುಂದೆ ನಡೆದಳು. ನಾನು ಮುಖ ಬಲಕ್ಕೆ ಮಾಡಿ ಅವಳನ್ನೇ ನೋಡಿಕೊಂಡು ಮತ್ತೆ ಹೊಡೆದೆ. ಮೊದಲ ಉಸಿರಿಗೆ ನೀರು ಕುಡಿದೆ.